ತಣಿಸಿದ ಕೈಪಟ್ಟಿ

ಕೈಪಟ್ಟಿ ಬಂದ ದಿನ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಎತ್ತಿ ಆಡುವುದು ಬೇಡ.

ನನ್ನ ಹೆಸರು ಎಸ್ತೇರ್ ಬೆಟಗೇರಿ. ಹುಬ್ಬಳ್ಳಿಯ ಆರೋಹಣ ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್. ಮುನ್ನೂರು ಹಾಸಿಗೆ, ನೂರಾ ನಲವತ್ತು ನರ್ಸುಗಳು, ಅವರ ಮೇಲೆ ನಾನು. ನನ್ನ ಮೇಲೆ ಯಾರು ಯಾರಿದ್ದಾರೆ ಎಂದು ಎಣಿಸಲು ಕೂತರೆ ಬೆರಳು ಸಾಲುವುದಿಲ್ಲ. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ನಾನು ಬೇಡಿದ್ದು ಒಂದೇ: ಜನ ಕೊಡಿ. ಒಬ್ಬ ನರ್ಸಿನ ಕೈಗೆ ಇಪ್ಪತ್ತು ರೋಗಿಗಳನ್ನು ಕೊಟ್ಟು ಅವಳು ನಗುನಗುತ್ತಾ ಮಾತಾಡಿಸಲಿಲ್ಲ ಎಂದು ದೂರು ಬರೆಯಬೇಡಿ. ದಣಿವು ಕಣ್ಣಿಗೆ ಕಾಣುವುದಿಲ್ಲವಲ್ಲ, ಹಾಗಾಗಿ ಯಾರೂ ನಂಬಲಿಲ್ಲ.

ಕೈಪಟ್ಟಿ ಅದನ್ನು ಕಾಣಿಸಿತು. ನೋಡಲು ಗಡಿಯಾರದಂತೆಯೇ ಇದೆ. ಎದೆಬಡಿತದ ಏರುಪೇರು, ಚರ್ಮದ ಬೆವರು, ಬೆರಳಿನ ನಡುಕ ಇಷ್ಟನ್ನೂ ಹತ್ತು ನಿಮಿಷ ಅಳೆದು, ಈ ಹೆಣ್ಣುಮಗಳು ಎಷ್ಟು ದಣಿದಿದ್ದಾಳೆ ಎಂದು ಬಣ್ಣದಲ್ಲಿ ಹೇಳುತ್ತದೆ. ಹಸಿರಾದರೆ ಸರಿ, ಹಳದಿಯಾದರೆ ಜೋಪಾನ. ಕೆಂಪಾದರೆ ಅವಳು ಔಷಧಿ ಮುಟ್ಟುವಂತಿಲ್ಲ. ವಾರ್ಡಿನ ಔಷಧಿ ಕಪಾಟು ಅವಳ ಕೈಗೆ ತೆರೆಯುವುದೇ ಇಲ್ಲ. ಪ್ರತಿ ಪಟ್ಟಿಗೂ ಒಬ್ಬಳ ಹೆಸರು, ನನ್ನ ಹೆಸರಿನದೂ ಒಂದು. ಬಣ್ಣಗಳೆಲ್ಲ ನಾಲ್ಕನೇ ಮಹಡಿಯ ನಿಯಂತ್ರಣ ಕೊಠಡಿಗೆ ಹೋಗುತ್ತವೆ. ನಮ್ಮ ಹುಡುಗಿಯರು ಅದನ್ನು ಗಾಜಿನ ಖೋಲಿ ಎನ್ನುತ್ತಾರೆ. ಅಲ್ಲಿನ ಕಂಪ್ಯೂಟರ್ ಕೆಂಪಾದವಳನ್ನು ವಿಶ್ರಾಂತಿಗೆ ಕಳಿಸಿ, ಅವಳ ಜಾಗಕ್ಕೆ ಬದಲಿ ನರ್ಸನ್ನು ಕಳಿಸಬೇಕು. ಹಸಿರಿದ್ದವಳಿಗೆ ಇನ್ನಷ್ಟು ಕೆಲಸ ಒಪ್ಪಿಸಬೇಕು. ಲೆಕ್ಕ ಚೆನ್ನಾಗಿತ್ತು.

ನಾಲ್ಕು ತಿಂಗಳು ಅದು ನಡೆಯಿತು ಕೂಡ. ಕೆಂಪಾದ ಹದಿನೈದು ನಿಮಿಷಕ್ಕೆ ಬದಲಿಯವಳು ಬರುತ್ತಿದ್ದಳು. ನಮ್ಮ ಹುಡುಗಿಯರು ಕೂತು ಊಟ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದೆ. ಐದನೇ ತಿಂಗಳು ಬದಲಿಗೆಂದು ಇಟ್ಟುಕೊಂಡಿದ್ದ ಇಪ್ಪತ್ತೆರಡು ಜನರನ್ನು ಮನೆಗೆ ಕಳಿಸಿದರು. ಪಟ್ಟಿಗಳು ಮಾತ್ರ ಕೈಯಲ್ಲೇ ಉಳಿದವು. ಕೆಂಪಾದಾಗ ಗಾಜಿನ ಖೋಲಿಯಿಂದ ಫೋನು ಬರತೊಡಗಿತು, ಬದಲಿ ಯಾರೂ ಇಲ್ಲ ಮೇಡಮ್, ನಿಮ್ಮ ಹಂತದಲ್ಲಿ ನೋಡಿಕೊಳ್ಳಿ ಎಂದು. ಆಮೇಲೆ ಫೋನ್ ಮಾಡುವ ಸೌಜನ್ಯವೂ ಹೋಗಿ, ಅದೇ ಮಾತು ನನ್ನ ಮೊಬೈಲಿಗೆ ತಾನೇ ತಾನಾಗಿ ಬರುವ ಸಂದೇಶವಾಯಿತು. ನಿಮ್ಮ ಹಂತದಲ್ಲಿ ನೋಡಿಕೊಳ್ಳಿ. ದಿನಕ್ಕೆ ಏಳು ಸಲ, ಎಂಟು ಸಲ. ನನ್ನ ಹಂತದಲ್ಲಿ ಏನಿದೆ? ಒಂದು ಮೇಜು, ಒಂದು ಕುರ್ಚಿ, ನಾನು.

ಮೊದಲ ಸಲ ಅದು ಹೀಗಾಯಿತು. ಗಂಡಸರ ವಾರ್ಡಿನಲ್ಲಿ ಒಬ್ಬರಿಗೆ ಫಿಟ್ಸ್ ಬಂದಿತ್ತು. ಡ್ಯೂಟಿಯಲ್ಲಿದ್ದ ಕಸ್ತೂರಿ ಮಡ್ಡಿ ಕಪಾಟಿನ ಮುಂದೆ ನಿಂತು ಕೆಂಪಾದ ಪಟ್ಟಿಯ ಕೈ ತೋರಿಸುತ್ತಿದ್ದಾಳೆ, ಕಪಾಟು ತೆರೆಯುತ್ತಿಲ್ಲ. ನಾನೇ ಓಡಿಹೋಗಿ ನನ್ನ ಕೈಯಿಂದ ತೆರೆದೆ, ಆ ರೋಗಿ ಉಳಿದರು. ಆದರೆ ಇಡೀ ಮಧ್ಯಾಹ್ನ ಪ್ರತಿ ಸೂಜಿಗೂ ನಾನೇ ಓಡಬೇಕಾದರೆ ಉಳಿದ ಹನ್ನೊಂದು ವಾರ್ಡಿನ ಗತಿ? ಅವಳ ಪಟ್ಟಿ ಬಿಚ್ಚಿಸಿ ನನ್ನ ಕೈಗೆ ಕಟ್ಟಿಕೊಂಡು, ಮತ್ತೆ ಅಳೆಯುವ ಗುಂಡಿ ಒತ್ತಿದೆ. ಆಫೀಸಿಗೆ ಬಂದು ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಒಂದು ಕೀರ್ತನೆ ಹೇಳಿಕೊಂಡೆ. ಹತ್ತು ನಿಮಿಷಕ್ಕೆ ಪಟ್ಟಿ ಹಸಿರಾಯಿತು. ಒಮ್ಮೆ ಅಳೆದ ಬಣ್ಣ ಎರಡು ತಾಸು ನಿಲ್ಲುತ್ತದೆ, ಯಾರ ಕೈಗೆ ಹೋದರೂ ಅಷ್ಟು ಹೊತ್ತು ಅದು ಹಸಿರೇ. ತಗೋ ತಾಯಿ ಎಂದು ವಾಪಸ್ ಕೊಟ್ಟೆ.

ಅಲ್ಲಿಂದ ಅದೇ ಪದ್ಧತಿಯಾಯಿತು. ಹುಡುಗಿಯರು ಅದಕ್ಕೊಂದು ಹೆಸರನ್ನೂ ಇಟ್ಟರು: ಪಟ್ಟಿ ತಣಿಸೋದು. ಬಿಸಿ ಚಹಾ ತಣಿಸಿ ಕೊಡುವಷ್ಟು ಸಹಜವಾಗಿ, ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬಳೇ ಬಂದು ಮೇಜಿನ ಮೇಲೆ ಪಟ್ಟಿ ಇಟ್ಟು ಹೋಗುವಳು. ಕೆಲವು ದಿನ ನನ್ನ ಎರಡೂ ಕೈಗೆ ಮೊಣಕೈವರೆಗೆ ಪಟ್ಟಿಗಳು. ಮೇಡಮ್‌ರಿಗೆ ಬಳಿ ಇಡಿಸ್ಯಾರ ನೋಡ್ರಿ ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮಕ್ಕಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಈಗ ಆ ನಗು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಆ ಭಾನುವಾರ ಕಸ್ತೂರಿ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನದ ಪಾಳಿಗೂ ನಿಂತಿದ್ದಳು. ಬರಬೇಕಾದವಳು ಬಂದಿರಲಿಲ್ಲ. ಮೂರು ಗಂಟೆಗೆ ನನ್ನ ಬಾಗಿಲಿಗೆ ಬಂದಾಗ ಅವಳ ಮುಖ ಸುಣ್ಣದ ಗೋಡೆಯಾಗಿತ್ತು.

"ಮೇಡಮ್‌ರ, ಕೆಂಪಾತ್ರಿ. ತಣಿಸಿ ಕೊಡ್ರಿ, ಇಂಜೆಕ್ಷನ್ ಟೈಮ್ ಆಗೇತಿ."

ತಣಿಸಿ ಕೊಟ್ಟೆ. ಮೂರೂವರೆಗೆ ಕಂಪ್ಯೂಟರ್ ನೋಡಿತು: ಗಂಡಸರ ವಾರ್ಡಿನಲ್ಲಿ ಇಬ್ಬರು ನರ್ಸುಗಳು, ಒಬ್ಬಳು ಹಚ್ಚಹಸಿರು. ಹಾಗಾದರೆ ಒಬ್ಬಳೇ ಸಾಕು. ಇನ್ನೊಬ್ಬಳನ್ನು ಡಯಾಲಿಸಿಸ್ ವಿಭಾಗಕ್ಕೆ ಕಳಿಸಿತು. ಆ ಆದೇಶ ನನಗೂ ಬಂತು. ನೋಡಿದೆ, ಹಲ್ಲು ಕಚ್ಚಿಕೊಂಡು ಸುಮ್ಮನಾದೆ. ಅದನ್ನು ಪ್ರಶ್ನಿಸಬೇಕಾದರೆ ಕಸ್ತೂರಿ ನಿಜಕ್ಕೂ ಹಸಿರಲ್ಲ ಎಂದು ಹೇಳಬೇಕಿತ್ತು.

ಒಂಬತ್ತನೇ ಹಾಸಿಗೆಯಲ್ಲಿ ಇಮಾಮ್‌ಹುಸೇನ ನದಾಫ ಎಂಬವರಿದ್ದರು. ಬಸ್ ಓಡಿಸಿ ನಿವೃತ್ತರಾದವರು. ವಾಂತಿಭೇದಿಯಿಂದ ನಿತ್ರಾಣವಾಗಿ ಬಂದು ಚೇತರಿಸಿಕೊಂಡಿದ್ದರು, ಮಂಗಳವಾರ ಮನೆಗೆ ಹೋಗುವವರು. ಮೂತ್ರಪಿಂಡಗಳು ಮೊದಲೇ ಸೊರಗಿದ್ದವು. ಅವರಿಗೆ ಪೊಟ್ಯಾಸಿಯಂ ಬೆರೆಸಿದ ಸಲೈನು ಗಂಟೆಗೆ ಐವತ್ತು ಮಿಲಿಯಂತೆ ನಿಧಾನಕ್ಕೆ ಹೋಗಬೇಕಿತ್ತು, ಜೋರಾಗಿ ಹೋದರೆ ಅದು ಎದೆಬಡಿತವನ್ನೇ ನಿಲ್ಲಿಸುತ್ತದೆ. ಕಸ್ತೂರಿ ಸಲೈನಿನ ಪಂಪಿನ ಮೇಲೆ ಐನೂರು ಒತ್ತಿದಳು. ಪಂಪು ಖಚಿತವೇ ಎಂದು ಕೇಳಿತು. ದಿನಕ್ಕೆ ಇನ್ನೂರು ಸಲ ಅದೇ ಪ್ರಶ್ನೆ ಕೇಳುವ ಯಂತ್ರಕ್ಕೆ ಅವಳು ಹೌದು ಎಂದಳು. ಆಮೇಲೆ ಇಪ್ಪತ್ತಮೂರು ರೋಗಿಗಳ ನಡುವೆ ಮತ್ತೆ ಒಂಬತ್ತನೇ ಹಾಸಿಗೆಗೆ ಬರುವುದಕ್ಕೆ ಅವಳಿಗೆ ಐವತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅವರ ಎದೆಬಡಿತ ನಿಂತಿತ್ತು. ನಾವೆಲ್ಲ ಸೇರಿ ಅರ್ಧ ತಾಸು ಎದೆ ಒತ್ತಿದೆವು. ಮರಳಿ ಬರಲಿಲ್ಲ.

ಅವರ ಮಗಳು ಹಸೀನಾ ಕೆಳಗೆ ಕ್ಯಾಂಟೀನಿಗೆ ಚಹಾ ತರಲು ಹೋಗಿದ್ದಳು. ಥರ್ಮಾಸು ಹಿಡಿದುಕೊಂಡು ವಾಪಸ್ ಬಂದಳು.

ಸೋಮವಾರ ಬೆಳಿಗ್ಗೆ ನಿರ್ದೇಶಕ ಡಾ. ಮಂಟೂರ ಅವರ ಕೋಣೆಗೆ ಕರೆ ಬಂತು. ವರದಿ ಆಗಲೇ ತಯಾರಾಗಿತ್ತು. ಒಬ್ಬ ಮನುಷ್ಯ ಸತ್ತು ಹದಿನಾರು ತಾಸಿಗೆ ಅಷ್ಟು ಅಚ್ಚುಕಟ್ಟಾದ ವರದಿಯನ್ನು ನಾನು ಎಂದೂ ಕಂಡಿರಲಿಲ್ಲ. ಘಟನೆಯ ಸಮಯದಲ್ಲಿ ಶುಶ್ರೂಷಕಿಯ ಕೈಪಟ್ಟಿ ಹಸಿರಾಗಿತ್ತು. ಆದ್ದರಿಂದ ದಣಿವು ಕಾರಣವಲ್ಲ. ಇದು ಶುದ್ಧ ವೈಯಕ್ತಿಕ ನಿರ್ಲಕ್ಷ್ಯ. ಕಸ್ತೂರಿಯನ್ನು ಸಸ್ಪೆಂಡ್ ಮಾಡಿಯಾಗಿತ್ತು. ಬುಧವಾರ ಹೊರಗಿನಿಂದ ತನಿಖೆಯವರು ಬರುತ್ತಾರೆ, ಅಷ್ಟರೊಳಗೆ ನರ್ಸಿಂಗ್ ಮುಖ್ಯಸ್ಥೆಯ ಸಹಿ ಬೇಕು. ಅದಾದ ಮೇಲೆ ಅವಳ ನರ್ಸಿಂಗ್ ನೋಂದಣಿ ರದ್ದು, ಪೊಲೀಸ್ ಕೇಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಇಷ್ಟು ನುಣುಪಾಗಿ ಮಾಡುವುದು ಮಂಟೂರರಿಗೆ ಮಾತ್ರ ಸಾಧ್ಯ.

ಹಾಳೆಯಲ್ಲಿ ಹಸಿರು ಎಂಬ ಮಾತು ಆರು ಸಲ ಇತ್ತು. ಆರೂ ನನ್ನವು. ನಾನು ಕಾಪಾಡಲು ಕೊಟ್ಟ ಬಣ್ಣವೇ ಅವಳ ಕೊರಳಿಗೆ ಹಗ್ಗವಾಗಿ ಕೂತಿತ್ತು. ಮಂಟೂರರು ಚಹಾದ ಕಪ್ಪನ್ನು ನನ್ನ ಕಡೆ ಸರಿಸಿದರು.

"ಮೇಡಮ್, ನೀವು ಹಿರೇರು. ಹಿಂದಿಂದು ಮುಂದಿಂದು ಕೆದಕೋದು ಬ್ಯಾಡ್ರಿ. ಕೆದಕಿದ್ರ ಎಲ್ಲಾರ ಕೈಗೂ ರಾಡಿ ಹತ್ತತದ."

ಎಲ್ಲರ ಕೈಗೆ ಎಂದರೆ ಯಾರ ಕೈಗೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಸಹಿಗೆ ಒಂದು ದಿನ ಸಮಯ ಕೇಳಿ ಎದ್ದೆ. ಚಹಾ ಮುಟ್ಟಲಿಲ್ಲ.

ನನ್ನ ಆಫೀಸಿನ ಹೊರಗೆ ಕಸ್ತೂರಿ ನಿಂತಿದ್ದಳು. ಸಮವಸ್ತ್ರವಿಲ್ಲದೆ ಅವಳನ್ನು ಅಷ್ಟು ವರ್ಷದಲ್ಲಿ ನಾನು ನೋಡಿದ್ದೇ ಕಡಿಮೆ. ನನ್ನ ಹಿಂದೆಯೇ ಒಳಗೆ ಬಂದು, ತನ್ನ ಪಟ್ಟಿಯನ್ನು ನನ್ನ ಮೇಜಿನ ಖಾನೆಯಲ್ಲಿಟ್ಟು, ಒಂದೇ ಮಾತು ಹೇಳಿದಳು.

"ತಣಿಸಿದ್ದು ಯಾರ ಮುಂದೂ ಹೇಳಬ್ಯಾಡ್ರಿ ಮೇಡಮ್‌ರ. ಗುಂಡಿ ಒತ್ತಿದಾಕಿ ನಾ. ನಾ ಒಬ್ಬಾಕಿ ಹೋದ್ರ ಸಾಕು."

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಹನ್ನೆರಡು ವರ್ಷ ನನ್ನ ಕೈಕೆಳಗೆ ಕೆಲಸ ಮಾಡಿದವಳಿಗೆ ನಾನು ಕಲಿಸಿದ್ದು ಇದೇನಾ, ತಲೆ ತಗ್ಗಿಸಿ ಹೋಗುವುದು? ಮನೆಗೆ ಹೋಗು ಎಂದು ಗದರಿಸಿ ಕಳಿಸಿದೆ. ಅದೂ ತಪ್ಪೇ.

ನನ್ನ ಗಂಡ ಸುಧಾಕರ ರೈಲ್ವೆಯಲ್ಲಿ ಸಿಗ್ನಲ್ ದುರಸ್ತಿ ಮಾಡುತ್ತಿದ್ದವರು. ನಿವೃತ್ತಿಯಾದ ಮೇಲೆ ರೊಟ್ಟಿ ತಟ್ಟುವುದನ್ನು ಕಲಿತಿದ್ದಾರೆ. ಅಂಚು ಇನ್ನೂ ಒಡೆಯುತ್ತದೆ, ಆದರೆ ಹೊಟ್ಟೆಗೇನು ಮೋಸವಿಲ್ಲ. ಆ ಸಂಜೆ ಒಲೆಯ ಮುಂದೆ ನಿಂತ ಅವರಿಗೆ ಎಲ್ಲವನ್ನೂ ಹೇಳಿದೆ. ಪಟ್ಟಿ ತಣಿಸುವ ವಿಷಯವನ್ನು ಏಳು ವಾರದಿಂದ ಅವರಿಗೂ ಹೇಳಿರಲಿಲ್ಲ. ಜನ ಕೊಡದಿದ್ದರೆ ನಾನೇನು ಮಾಡಬೇಕಿತ್ತು, ರೋಗಿಗಳನ್ನು ಬಿಟ್ಟು ಕೂಡಬೇಕಿತ್ತೇ ಎಂದು ಜೋರಾಗಿಯೇ ಕೇಳಿದೆ. ಅವರು ರೊಟ್ಟಿ ಮಗುಚಿ ಹಾಕಿ ಮಾತಾಡಿದರು.

"ಕೆಂಪ ಗಾಜ ತಗದು ಹಸರ ಗಾಜ ಹಾಕಿದ್ರ ಗಾಡಿ ಟೈಮಿಗೆ ಹೋಗತೈತಿ, ಖರೆ. ಮುಂದ ಹಳಿ ಮ್ಯಾಲ ಯಾರ ಅದಾರಂತ ಗಾಡಿಗೆ ಗೊತ್ತಿರೂದಿಲ್ಲ. ಕೆಂಪ ಇರಬೇಕಾಗಿತ್ತು, ಎಸ್ತೇರ. ಗಾಡಿ ನಿಂದ್ರಬೇಕಾಗಿತ್ತು. ನಿಂತಿದ್ರ ಮ್ಯಾಲಿನವರು ಓಡಿ ಬರತಿದ್ರು."

ನಾನು ತಟ್ಟೆ ತಳ್ಳಿ ಎದ್ದೆ. ನಿಜ ಹೇಳಿದವರ ಮೇಲೆ ಬರುವಷ್ಟು ಸಿಟ್ಟು ಸುಳ್ಳು ಹೇಳಿದವರ ಮೇಲೂ ಬರುವುದಿಲ್ಲ. ಬೆಳಿಗ್ಗೆ ನೋಡಿದರೆ ಡಬ್ಬಿಯಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ.

ಮಂಗಳವಾರ ನಾನು ನಾಲ್ಕನೇ ಮಹಡಿ ಹತ್ತಿದೆ. ಗಾಜಿನ ಖೋಲಿಯಲ್ಲಿ ತಂಪು ಎಷ್ಟೆಂದರೆ ಅಲ್ಲಿದ್ದವರು ಸ್ವೆಟರ್ ಹಾಕಿಕೊಂಡಿದ್ದರು. ಗೋಡೆಯ ತುಂಬ ಹಸಿರು ಚುಕ್ಕೆ. ಅದನ್ನು ನೋಡಿಕೊಳ್ಳುವ ವಿನಾಯಕ ಕುಷ್ಟಗಿ ನನ್ನನ್ನು ಕಂಡು ಎದ್ದು ನಿಂತ. ಭಾನುವಾರದ ಕಸ್ತೂರಿಯ ದಾಖಲೆ ತೋರಿಸು ಎಂದೆ. ನನ್ನ ಹುದ್ದೆಯವರಿಗೆ ಅದನ್ನು ನೋಡುವ ಹಕ್ಕಿದೆ, ಅವನು ಇಲ್ಲ ಎನ್ನುವಂತಿರಲಿಲ್ಲ.

ಮೂರು ಗಂಟೆ ಹದಿನಾಲ್ಕು ನಿಮಿಷಕ್ಕೆ ಪಟ್ಟಿ ಹಸಿರು. ಅದರ ಪಕ್ಕದಲ್ಲಿ ನಾನು ಎಂದೂ ನೋಡದ ಒಂದು ಕಾಲಂ. ಹೃದಯ ಗುರುತು: ಹೊಂದಿಕೆಯಾಗಿಲ್ಲ.

ಇದೇನು ಎಂದು ಕೇಳಿದೆ. ಅವನು ಸಣ್ಣ ದನಿಯಲ್ಲಿ ವಿವರಿಸಿದ. ಒಬ್ಬೊಬ್ಬರ ನಡಿಗೆ ಬೇರೆ ಇದ್ದ ಹಾಗೆ ಎದೆ ಬಡಿಯುವ ರೀತಿಯೂ ಬೇರೆ. ಪಟ್ಟಿ ಕಟ್ಟಿಕೊಂಡ ಮೊದಲ ದಿನವೇ ಅದು ತನ್ನ ಒಡತಿಯ ಬಡಿತವನ್ನು ಕಲಿತುಬಿಡುತ್ತದೆ. ಬೇರೆಯವರ ಕೈಗೆ ಹೋದರೆ ತಕ್ಷಣ ಗೊತ್ತಾಗುತ್ತದೆ. ನಾನು ಎಷ್ಟು ಸಲ ಎಂದು ಕೇಳಿದೆ. ಇನ್ನೂರ ಹನ್ನೆರಡು ಸಲ ಎಂದ. ಅಷ್ಟೂ ಸಲ ಒಂದೇ ಹೃದಯ, ನಿಮ್ಮದು ಎಂದ.

ನಾನು ಪಟ್ಟಿ ತಣಿಸಿದ ಮೊದಲ ದಿನವೇ ಇದು ಗಾಜಿನ ಖೋಲಿಯವರಿಗೆ ಕಂಡಿತ್ತು. ಮೇಲೆ ಕೇಳಿದ್ದರು. ಮರುದಿನ ಮಂಟೂರರ ಆಫೀಸಿನಿಂದ ಆದೇಶ ಬಂತು, ಈ ಕಾಲಂ ವಾರ್ಡಿನವರಿಗೂ ಕಾಣಿಸುವುದು ಬೇಡ, ವರದಿಯಲ್ಲೂ ಬರುವುದು ಬೇಡ ಎಂದು. ಆ ತಿಂಗಳು ಹನ್ನೊಂದು ಆಸ್ಪತ್ರೆಗಳವರು ನಮ್ಮ ವ್ಯವಸ್ಥೆ ನೋಡಲು ಬರುವವರಿದ್ದರು. ನೂರಕ್ಕೆ ತೊಂಬತ್ತೆಂಟು ಹಸಿರು ಎಂದು ಕೆಳಗಿನ ಹಾಲ್‌ನಲ್ಲಿ ಅವರಿಗಾಗಿ ಬೋರ್ಡು ಹಾಕಿದ್ದರಲ್ಲ, ಅದು ನನ್ನ ಎದೆಬಡಿತದ ಬೋರ್ಡು.

ನಾನು ಕಳ್ಳತನ ಮಾಡುತ್ತಿದ್ದೇನೆ ಎಂದುಕೊಂಡು ಏಳು ವಾರ ಕಳ್ಳ ಹೆಜ್ಜೆ ಇಟ್ಟಿದ್ದೆ. ಮನೆಯ ಯಜಮಾನ ಬಾಗಿಲು ತೆಗೆದಿಟ್ಟು, ಕತ್ತಲಲ್ಲಿ ಕೂತು ನೋಡುತ್ತಿದ್ದ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಇದನ್ನು ಕಾಗದಕ್ಕೆ ಇಳಿಸಿ ಕೊಡು ಎಂದು ವಿನಾಯಕನನ್ನು ಕೇಳಿದೆ. ಅವನು ನೆಲ ನೋಡಿದ. ಅವನನ್ನು ಬೈಯಲು ಬಾಯಿ ಬರಲಿಲ್ಲ. ಮೊನ್ನೆ ಮೂರೂವರೆಗೆ ನಾನೂ ನೆಲವನ್ನೇ ನೋಡಿದ್ದೆ.

ಬುಧವಾರ ಹನ್ನೊಂದಕ್ಕೆ ಸಭೆ. ತನಿಖೆಗೆ ಬಂದ ಹಿರಿಯ ವೈದ್ಯೆ ಮಧ್ಯದಲ್ಲಿ, ಮಂಟೂರರು ಅವರ ಬಲಕ್ಕೆ. ಗೋಡೆಯ ಪರದೆಯ ಮೇಲೆ ಗಾಜಿನ ಖೋಲಿಯ ಹಸಿರು ಚುಕ್ಕೆಗಳು. ವಿನಾಯಕ ಲ್ಯಾಪ್‌ಟಾಪ್ ಹಿಡಿದು ಮೂಲೆಯಲ್ಲಿದ್ದ. ಕಸ್ತೂರಿ ಗೋಡೆಗೆ ಅಂಟಿಕೊಂಡ ಕುರ್ಚಿಯಲ್ಲಿ, ಅವಳ ಎದುರಿಗೆ ಹಸೀನಾ. ಹಸೀನಾ ಅಳುತ್ತಿರಲಿಲ್ಲ. ಅಪ್ಪನ ಬಟ್ಟೆಯ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

ವರದಿ ಓದಿದರು. ಸಹಿ ಮಾಡಿ ಎಂದು ಪೆನ್ನು ಕೊಟ್ಟರು. ನಾನು ಜೇಬಿನಿಂದ ಕಸ್ತೂರಿಯ ಪಟ್ಟಿ ತೆಗೆದು ಕೈಗೆ ಕಟ್ಟಿಕೊಂಡು, ಅದರ ಗುಂಡಿ ಒತ್ತಿದೆ.

"ಹತ್ತು ನಿಮಿಷ ಯಾರೂ ಏಳಬ್ಯಾಡ್ರಿ. ಆ ಪರದೆ ಮ್ಯಾಲ ಕಸ್ತೂರಿ ಹೆಸರು ನೋಡ್ರಿ. ಸಹಿ ಆಮ್ಯಾಲ."

ಮಂಟೂರರು ಏನೋ ಹೇಳಲು ಹೋದರು. ತನಿಖೆಯ ವೈದ್ಯೆ ಕೈ ಎತ್ತಿ ತಡೆದು, ಕೂತುಕೊಳ್ಳಿ ಎಂದರು. ಸಸ್ಪೆಂಡ್ ಮಾಡಿದವಳ ಹೆಸರನ್ನು ಕಂಪ್ಯೂಟರಿನಿಂದ ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ. ಲೆಕ್ಕದಲ್ಲಿ ನರ್ಸುಗಳು ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ? ಕಸ್ತೂರಿ ಮಡ್ಡಿ, ಅಳೆಯಲಾಗುತ್ತಿದೆ ಎಂದು ಪರದೆ ತೋರಿಸಿತು. ಕಸ್ತೂರಿ ತನ್ನ ಬರಿ ಮಣಿಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಎಲ್ಲರೂ ನೋಡಿದರು.

ಪಟ್ಟಿ ಹಸಿರಾಗಲೆಂದು ಎಂದಿನಂತೆ ಕಣ್ಣು ಮುಚ್ಚಿ ಕೀರ್ತನೆ ಹೇಳಿಕೊಳ್ಳಲು ನೋಡಿದೆ. ಬರಲಿಲ್ಲ. ಏಳು ವಾರ ನನ್ನ ಎದೆಯನ್ನು ಕದ್ದು ನೋಡಿದವರು ಎದುರಿಗೇ ಕೂತಿದ್ದರು. ಕಿವಿಯಲ್ಲಿ ರಕ್ತ ಬಡಿಯುತ್ತಿತ್ತು, ಬೆರಳು ನಡುಗುತ್ತಿತ್ತು. ಹತ್ತನೇ ನಿಮಿಷಕ್ಕೆ ಕಸ್ತೂರಿಯ ಹೆಸರು ಕೆಂಪಾಯಿತು.

ಮಂಟೂರರು ಮುಗುಳ್ನಕ್ಕರು. ನೋಡಿ, ವ್ಯವಸ್ಥೆ ಸರಿಯಾಗಿಯೇ ಕೆಲಸ ಮಾಡುತ್ತದೆ, ಮೇಡಮ್ ಒತ್ತಡದಲ್ಲಿದ್ದಾರೆ ಎಂದರು. ಅವರ ಮಾತು ಮುಗಿಯುವ ಮೊದಲೇ ಮೇಜಿನ ಮೇಲಿದ್ದ ನನ್ನ ಮೊಬೈಲು ಗುಂಯ್‌ಗುಟ್ಟಿತು. ನಾನು ಅದನ್ನು ಎತ್ತಿ ಗಟ್ಟಿಯಾಗಿ ಓದಿದೆ.

"ಕಸ್ತೂರಿ ಮಡ್ಡಿ: ಕೆಂಪು. ಬದಲಿ ಸಿಬ್ಬಂದಿ ಲಭ್ಯವಿಲ್ಲ. ನಿಮ್ಮ ಹಂತದಲ್ಲಿ ನೋಡಿಕೊಳ್ಳಿ."

ತನಿಖೆಯ ವೈದ್ಯೆ ಮೊಬೈಲನ್ನು ಕೈಗೆ ತೆಗೆದುಕೊಂಡು ಹಿಂದಿನ ಸಂದೇಶಗಳನ್ನು ಮೇಲೆ ಸರಿಸುತ್ತಾ ಹೋದರು. ಅವರ ಬೆರಳು ಬಹಳ ಹೊತ್ತು ನಿಲ್ಲಲಿಲ್ಲ. ಪ್ರತಿಯೊಂದೂ ಅದೇ ಮಾತು, ಹೆಸರು ಮಾತ್ರ ಬೇರೆ. ಪಟ್ಟಿ ಬೇರೆಯವರ ಕೈಯಲ್ಲಿದ್ದರೆ ನಿಮಗೆ ಗೊತ್ತಾಗುವುದಿಲ್ಲವೇ ಎಂದು ಕೊನೆಗೆ ಮಂಟೂರರನ್ನು ಕೇಳಿದರು. ಆ ಸೌಲಭ್ಯ ಇನ್ನೂ ಬಂದಿಲ್ಲ ಎಂದರು ಅವರು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಮೂಲೆಯಲ್ಲಿ ವಿನಾಯಕ ಯಾರ ಮುಖವನ್ನೂ ನೋಡದೆ ಒಂದು ಕೀಲಿ ಒತ್ತಿದ. ಮುಚ್ಚಿದ್ದ ಕಾಲಂ ಗೋಡೆಯ ತುಂಬ ತೆರೆದುಕೊಂಡಿತು. ಹೊಂದಿಕೆಯಾಗಿಲ್ಲ, ಹೊಂದಿಕೆಯಾಗಿಲ್ಲ, ಹೊಂದಿಕೆಯಾಗಿಲ್ಲ. ಅದರ ತಲೆಯ ಮೇಲೆ, ಅದನ್ನು ಮುಚ್ಚಲು ಹೇಳಿದವರ ಹೆಸರು ಮತ್ತು ತಾರೀಖು.

ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಪಟ್ಟಿ ತಣಿಸಿದವಳು ನಾನು, ಇನ್ನೂರ ಹನ್ನೆರಡು ಸಲ. ಕೆಂಪಾದವಳನ್ನು ಹಸಿರು ಮಾಡಿ ವಾರ್ಡಿಗೆ ದೂಡಿದವಳು ನಾನು, ಆ ಹಸಿರನ್ನು ನೋಡಿಯೇ ಕಂಪ್ಯೂಟರ್ ಅವಳ ಜೊತೆಗಾತಿಯನ್ನು ಕಿತ್ತುಕೊಂಡಿತು, ಇದು ಗೊತ್ತಿದ್ದೂ ಇವರು ಬೋರ್ಡು ಹಾಕಿದರು. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ, ಹೋಗಲಿ ದವಡೆ. ಮಾತು ಮುಗಿದಾಗ ನನಗೊಂದು ಬಗೆಯ ಗೆದ್ದ ಭಾವ ಬಂದಿತ್ತು. ಅದನ್ನೂ ಮುಚ್ಚಿಡುವುದಿಲ್ಲ.

ಆಗ ಹಸೀನಾ ಮೊದಲ ಸಲ ಬಾಯಿ ಬಿಟ್ಟಳು. ಮಂಟೂರರನ್ನು ಅವಳು ನೋಡಲೂ ಇಲ್ಲ. ನನ್ನ ಕೈಯ ಪಟ್ಟಿಯನ್ನೇ ನೋಡುತ್ತಾ ಕೇಳಿದಳು.

"ಇದನ್ನ ಕಟಗೊಂಡು ಆವತ್ತೂ ಹಿಂಗ ಹತ್ತು ನಿಮಿಷ ಕುರ್ಚಿ ಮ್ಯಾಲ ಕುಂತಿದ್ರೇನ್ರಿ?"

ಹೌದು ಎಂದೆ.

"ಆ ಹತ್ತು ನಿಮಿಷ ನಮ್ಮ ಅಬ್ಬಾನ ವಾರ್ಡಿಗೆ ಬಂದು ನಿಂದ್ರಬೇಕಾಗಿತ್ತಲ್ರಿ. ನಿಮಗೂ ಎರಡು ಕೈ ಇದ್ದವಲ್ಲ."

ಆಮೇಲೆ ತನಿಖೆಯವರು ಒಂದು ಬಿಳಿ ಹಾಳೆ ಕೊಟ್ಟು, ಹೇಳಿದ್ದನ್ನೆಲ್ಲ ಬರೆದು ಕೊಡಿ ಎಂದರು. ಮಂಟೂರರ ಆದೇಶ, ಮನೆಗೆ ಕಳಿಸಿದ ಇಪ್ಪತ್ತೆರಡು ಜನ, ಮುಚ್ಚಿಟ್ಟ ಕಾಲಂ ಎಲ್ಲವನ್ನೂ ತಾರೀಖು ಸಮೇತ ಬರೆದೆ, ಒಂದನ್ನೂ ಬಿಡಲಿಲ್ಲ. ಆದರೆ ಅವೆಲ್ಲ ಎರಡನೇ ಸಾಲಿನಿಂದ ಶುರುವಾಗುತ್ತವೆ. ಮೊದಲ ಸಾಲಿನಲ್ಲಿ, ಭಾನುವಾರ ಮಧ್ಯಾಹ್ನ ಮೂರು ಗಂಟೆ ನಾಲ್ಕು ನಿಮಿಷದಿಂದ ಮೂರು ಗಂಟೆ ಹದಿನಾಲ್ಕು ನಿಮಿಷದವರೆಗೆ ನಾನು ನನ್ನ ಆಫೀಸಿನಲ್ಲಿ ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ದೆ ಎಂದು ಬರೆದಿದ್ದೇನೆ.